ಪ್ಯಾಡ್ರೆ ದ್ವೀಪದಲ್ಲಿ ಆರ್‌ವಿ: ಅಪ್ಪ, ಅಮ್ಮನ ಜೊತೆ ಹುಕಪ್ ಇಲ್ಲದೆ ಇರಬಹುದಾ?

ಹಾಸನ_ಹ್ಯೂಸ್ಟನ್

ಎಲ್ಲರಿಗೂ ನಮಸ್ಕಾರ. ಅಪ್ಪ, ಅಮ್ಮ ಅಕ್ಟೋಬರ್‌ನಲ್ಲಿ ಹಾಸನದಿಂದ ಬರುತ್ತಿದ್ದಾರೆ. ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಆರ್‌ವಿ (ಅಡುಗೆ, ಸ್ನಾನ, ಮಲಗುವ ಜಾಗ ಎಲ್ಲ ಒಳಗೇ ಇರುವ ಗಾಡಿ) ಬಾಡಿಗೆಗೆ ತೆಗೆದುಕೊಂಡು ಸಮುದ್ರದ ಪಕ್ಕದಲ್ಲೇ ಮೂರು ರಾತ್ರಿ ಇರಬೇಕು ಅಂತ ಆಸೆ. ನಾವು ಒಟ್ಟು ಆರು ಜನ, ಇಬ್ಬರು ಮಕ್ಕಳೂ ಸೇರಿ. ನೋಡಿಟ್ಟಿರುವುದು 28 ಅಡಿಯ ಕ್ಲಾಸ್ ಸಿ ಗಾಡಿ, ಅಂದರೆ ವ್ಯಾನಿನ ಚಾಸಿ ಮೇಲೆ ಕಟ್ಟಿದ್ದು.

ಟೆಕ್ಸಸ್‌ನ ಕಾರ್ಪಸ್ ಕ್ರಿಸ್ಟಿ ಹತ್ತಿರದ ಪ್ಯಾಡ್ರೆ ಐಲ್ಯಾಂಡ್ ನ್ಯಾಷನಲ್ ಸೀಶೋರ್ ಬಗ್ಗೆ ತುಂಬಾ ಕೇಳಿದ್ದೇನೆ. ಆದರೆ ಅಲ್ಲಿ ಹುಕಪ್ ಇಲ್ಲ, ಅಂದರೆ ಗಾಡಿಗೆ ಕರೆಂಟ್ ಇಲ್ಲ, ನೀರಿನ ಕನೆಕ್ಷನ್ ಇಲ್ಲ. ನನ್ನ ಚಿಂತೆ ಇಷ್ಟು. ಅಮ್ಮನಿಗೆ ಬೆಳಿಗ್ಗೆ ಸ್ನಾನ ಆಗದೆ ಒಲೆ ಹಚ್ಚುವ ಅಭ್ಯಾಸವೇ ಇಲ್ಲ. ಮಂಡಿ ನೋವು ಬೇರೆ. ಅಪ್ಪನಿಗೆ ಇನ್ಸುಲಿನ್ ಫ್ರಿಡ್ಜ್‌ನಲ್ಲೇ ಇರಬೇಕು. ಇಬ್ಬರಿಗೂ ಮನೆ ಊಟವೇ ಆಗಬೇಕು.

ಹೋಟೆಲ್‌ನಲ್ಲಿ ಇದ್ದುಬಿಡಿ ಅಂತ ದಯವಿಟ್ಟು ಹೇಳಬೇಡಿ. ಅಪ್ಪ ಬೆಳಿಗ್ಗೆ ಬಾಗಿಲು ತೆಗೆದರೆ ಸಮುದ್ರದ ಸದ್ದು ಕೇಳಬೇಕು. ಅದಕ್ಕಾಗಿಯೇ ಇಷ್ಟೆಲ್ಲ ಯೋಚನೆ. ಅನುಭವ ಇರುವವರು ಹೇಳಿ.

ಗಾಲಿಮನೆ

ಇರಬಹುದು. ಧೈರ್ಯವಾಗಿ ಹೋಗಿ. ಆದರೆ ದಾರಿ ಎಷ್ಟು ದೂರ, ಪೆಟ್ರೋಲ್ ಎಷ್ಟು ಅನ್ನುವುದೆಲ್ಲ ಆಮೇಲೆ. ಮೊದಲು ನೀರಿನ ಲೆಕ್ಕ ಹಾಕಿ. ಹುಕಪ್ ಇಲ್ಲದ ಕಡೆ ಎಷ್ಟು ದಿನ ಇರಬಹುದು ಅಂತ ಹೇಳುವುದು ಕ್ಯಾಲೆಂಡರ್ ಅಲ್ಲ, ಟ್ಯಾಂಕ್.

ನೀವು ಹೇಳಿದ ಅಳತೆಯ ಗಾಡಿಯಲ್ಲಿ ಒಳ್ಳೆಯ ನೀರಿನ ಟ್ಯಾಂಕ್ ಸಾಮಾನ್ಯವಾಗಿ 40 ಗ್ಯಾಲನ್ ಆಸುಪಾಸು ಇರುತ್ತದೆ. ಅಂದರೆ ಸುಮಾರು 150 ಲೀಟರ್. ಆರು ಜನರಿಗೆ ಇದು ಜಾಸ್ತಿ ಅಲ್ಲ. ಜೊತೆಗೆ ಎರಡು ಕೊಳೆ ಟ್ಯಾಂಕ್ ಇರುತ್ತವೆ. ಗ್ರೇ ಅನ್ನುವುದಕ್ಕೆ ಸಿಂಕ್ ಮತ್ತು ಸ್ನಾನದ ನೀರು ಹೋಗುತ್ತದೆ. ಬ್ಲ್ಯಾಕ್ ಅನ್ನುವುದು ಟಾಯ್ಲೆಟ್‌ಗೆ. ಒಳ್ಳೆಯ ನೀರು ಮುಗಿಯುವ ಮೊದಲೇ ಗ್ರೇ ತುಂಬಿ, ಸ್ನಾನದ ಜಾಗದಲ್ಲಿ ನೀರು ಮೇಲೆ ಬರುವುದೂ ಉಂಟು. ಆದ್ದರಿಂದ ಬರೀ ಒಳ್ಳೆಯ ನೀರಿನ ಮೀಟರ್ ನೋಡಿಕೊಂಡು ಕೂತರೆ ಸಾಲದು.

ಈಗ ನಿಮ್ಮ ಅಮ್ಮನ ಸ್ನಾನ. ಶವರ್ ಬಿಟ್ಟುಕೊಂಡು ನಿಂತರೆ ನಿಮಿಷಕ್ಕೆ ಸುಮಾರು 2 ಗ್ಯಾಲನ್ ಹೋಗುತ್ತದೆ. ಐದು ನಿಮಿಷಕ್ಕೆ ಟ್ಯಾಂಕಿನ ಕಾಲು ಭಾಗ ಖಾಲಿ. ಅದೇ ಒಂದು ಬಕೆಟ್, ಒಂದು ಚೊಂಬು ಇಟ್ಟರೆ 3 ಗ್ಯಾಲನ್‌ನಲ್ಲಿ ತೃಪ್ತಿಯಾಗಿ ಸ್ನಾನ ಆಗುತ್ತದೆ. ನಮ್ಮ ಊರಿನ ಹಿರಿಯರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಹೊಸದಾಗಿ ಆರ್‌ವಿ ಹತ್ತುವ ಇಲ್ಲಿನವರಿಗಿಂತ ನಿಮ್ಮ ಅಮ್ಮನೇ ನೀರನ್ನು ಚೆನ್ನಾಗಿ ಉಳಿಸುತ್ತಾರೆ, ನೋಡಿ. ಬಿಸಿನೀರಿನ ಟ್ಯಾಂಕ್ ಹೆಚ್ಚಿನ ಗಾಡಿಗಳಲ್ಲಿ 6 ಗ್ಯಾಲನ್ ಮಾತ್ರ. ಇಬ್ಬರ ಸ್ನಾನ ಆದ ಮೇಲೆ ಸ್ವಲ್ಪ ಹೊತ್ತು ಬಿಡಿ, ಮತ್ತೆ ಕಾಯುತ್ತದೆ. ಅದು ಪ್ರೊಪೇನ್‌ನಿಂದಲೂ ಕಾಯುವುದರಿಂದ ಕರೆಂಟ್ ಬೇಕಾಗಿಲ್ಲ.

ಮುಖ್ಯ ವಿಷಯ: ಸೀಶೋರ್ ಒಳಗೇ ಡಂಪ್ ಸ್ಟೇಷನ್ (ಕೊಳೆ ಟ್ಯಾಂಕ್ ಖಾಲಿ ಮಾಡುವ ಜಾಗ) ಇದೆ, ನೀರು ತುಂಬಿಸಿಕೊಳ್ಳಲು ನಲ್ಲಿಯೂ ಇದೆ. ಮಲಾಕಿಟ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಟಾಯ್ಲೆಟ್ ಇದೆ, ಮೈಗೆ ಅಂಟಿದ ಮರಳು, ಉಪ್ಪು ತೊಳೆದುಕೊಳ್ಳಲು ತಣ್ಣೀರಿನ ಶವರ್ ಇದೆ. ಮಕ್ಕಳನ್ನು ಅಲ್ಲಿಗೇ ಕಳಿಸಿ. ಹೀಗೆ ಮಾಡಿದರೆ ಎರಡು ರಾತ್ರಿ ಆರಾಮ. ಮೂರನೆಯದಕ್ಕೆ ಒಮ್ಮೆ ಡಂಪ್ ಮಾಡಿ ನೀರು ತುಂಬಿಸಬೇಕಾಗುತ್ತದೆ.

ನವೆಂಬರ್ ಆದ್ದರಿಂದ ಏಸಿ ಚಿಂತೆ ಕಡಿಮೆ. ಆದರೆ ರಾತ್ರಿ ಚಳಿ ಬಿದ್ದರೆ ಹೀಟರ್ ಬೇಕು. ಹೀಟರ್ ಉರಿಯುವುದು ಪ್ರೊಪೇನ್‌ನಲ್ಲಿ, ಅದರ ಫ್ಯಾನ್ ತಿರುಗುವುದು ಬ್ಯಾಟರಿಯಲ್ಲಿ. ಮಾಮೂಲಿ ಲೆಡ್ ಆಸಿಡ್ ಬ್ಯಾಟರಿ 100 ಆಂಪ್ ಅವರ್ ಅಂದರೆ ಅರ್ಧ ಮಾತ್ರ ಬಳಸಬಹುದು. ರಾತ್ರಿಯಿಡೀ ಹೀಟರ್ ಓಡಿದರೆ ಬೆಳಿಗ್ಗೆ ಹೊತ್ತಿಗೆ ಬ್ಯಾಟರಿ ಸೋತಿರುತ್ತದೆ. ಎರಡು ಕಂಬಳಿ ಜಾಸ್ತಿ ತೆಗೆದುಕೊಂಡು ಹೋಗಿ. ಬೆಳಿಗ್ಗೆ ಒಂದೆರಡು ಗಂಟೆ ಜನರೇಟರ್ ಹಾಕಿ.

ಮರಳುದಾರಿ

ಮಲಾಕಿಟ್ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ಟಾರ್ ಹಾಕಿದ ಜಾಗ. ಸಮುದ್ರಕ್ಕೂ ನಿಮಗೂ ನಡುವೆ ಮರಳ ದಿಬ್ಬ ಇರುತ್ತದೆ. ಬಾಗಿಲು ತೆಗೆದರೆ ಅಲೆ ಕಾಣಬೇಕು ಅಂದರೆ ಅದೇ ಸೀಶೋರ್‌ನ ಸೌತ್ ಬೀಚ್‌ಗೇ ಹೋಗಬೇಕು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಟೆಕ್ಸಸ್‌ನಲ್ಲಿ ಕಡಲತೀರ ಎಲ್ಲರಿಗೂ ಮುಕ್ತ. 1959ರ ಓಪನ್ ಬೀಚಸ್ ಆಕ್ಟ್ ಇದನ್ನು ಕಾನೂನು ಮಾಡಿತು. ತೀರದ ಮೇಲೆ ಗಾಡಿ ಓಡಿಸುವುದು ಇಲ್ಲಿ ಹಳೆಯ ರೂಢಿ. ಸೀಶೋರ್‌ನಲ್ಲಿ ಟಾರ್ ರಸ್ತೆ ಮುಗಿದ ಕಡೆಯಿಂದ ಮರಳಿನ ಮೇಲೆ ಸುಮಾರು 60 ಮೈಲಿ ದಕ್ಷಿಣಕ್ಕೆ, ಮ್ಯಾನ್ಸ್‌ಫೀಲ್ಡ್ ಚಾನೆಲ್‌ವರೆಗೆ ಹೋಗಬಹುದು. ಮೊದಲ 5 ಮೈಲಿ ಸಾಮಾನ್ಯವಾಗಿ ಗಟ್ಟಿ ಮರಳು, ಎಲ್ಲ ಗಾಡಿಯೂ ಹೋಗುತ್ತದೆ. ಆಮೇಲೆ ಫೋರ್ ವೀಲ್ ಡ್ರೈವ್ ಇಲ್ಲದೆ ಹೋಗಲೇಬಾರದು. ಲಿಟ್ಲ್ ಶೆಲ್, ಬಿಗ್ ಶೆಲ್ ಅನ್ನುವ ಕಡೆ ಮರಳಿಗಿಂತ ಚಿಪ್ಪಿನ ಚೂರೇ ಜಾಸ್ತಿ, ಚಕ್ರ ಇಳಿದುಬಿಡುತ್ತದೆ.

ನನ್ನದು ಫೋರ್ ವೀಲ್ ಡ್ರೈವ್ ಟ್ರಕ್, ಅದರ ಮೇಲೆ ಕ್ಯಾಂಪರ್. ರಾತ್ರಿ ದೀಪ ಆರಿಸಿದರೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ದಿಬ್ಬ, ಮೇಲೆ ನಕ್ಷತ್ರ. ಊರ ಬೆಳಕು ದೂರ ಉಳಿದಿರುತ್ತದೆ. ಅಪ್ಪ, ಅಮ್ಮನಿಗೆ ಅದನ್ನು ತೋರಿಸಿ ಅಂತಲೇ ನನ್ನ ಸಲಹೆ.

ಗಾಲಿಮನೆ

ಮರಳುದಾರಿ ಅವರೇ, ನೀವು ಹೇಳಿದ ಜಾಗದ ಬಗ್ಗೆ ನನಗೂ ಅಷ್ಟೇ ಪ್ರೀತಿ ಇದೆ. ಆದರೆ ಅವರು ತೆಗೆದುಕೊಂಡು ಹೋಗುತ್ತಿರುವುದು ಬಾಡಿಗೆ ಗಾಡಿ. ಇದನ್ನು ಮರೆಯಬಾರದು.

ಬಾಡಿಗೆ ಒಪ್ಪಂದಗಳಲ್ಲಿ ಟಾರ್ ಬಿಟ್ಟು ಇಳಿಯಬಾರದು ಅಂತ ಸಾಮಾನ್ಯವಾಗಿ ಬರೆದಿರುತ್ತದೆ. ಮರಳಲ್ಲಿ ಏನಾದರೂ ಆದರೆ ಇನ್ಶೂರೆನ್ಸ್ ಕೈಕೊಡುತ್ತದೆ. ಗಾಡಿಯ ತೂಕವನ್ನೂ ನೋಡಿ. ಆ ಅಳತೆಯ ಕ್ಲಾಸ್ ಸಿ ಸಾಮಾನು, ನೀರು, ಜನ ಸೇರಿ 14,500 ಪೌಂಡ್ ತನಕ ಹೋಗುತ್ತದೆ. ಆರೂವರೆ ಟನ್! ಹಿಂದಿನ ಚಕ್ರ ದಾಟಿ ಮನೆ ಎಷ್ಟೋ ಅಡಿ ಹೊರಗೆ ಚಾಚಿರುತ್ತದೆ. ತೀರಕ್ಕೆ ಇಳಿಯುವ ಕಡೆ ಮರಳು ಮೆತ್ತಗಿದ್ದರೆ ಅಲ್ಲೇ ಕೂತುಬಿಡುತ್ತದೆ. ಸ್ವಲ್ಪ ಮುಂದೆ ಹೋದರೆ ಫೋನ್ ಸಿಗ್ನಲ್ ಕೂಡ ಸಿಗುವುದಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವ ಹಿರಿಯರನ್ನು ಕೂರಿಸಿಕೊಂಡು ಈ ಅಪಾಯ ಬೇಡ.

ದಾರಿ ಇದೆ. ಜೊತೆಗೆ ಇನ್ನೊಂದು ಕಾರು ಬರುವ ಹಾಗಿದ್ದರೆ ಆರ್‌ವಿ ಮಲಾಕಿಟ್‌ನಲ್ಲಿ ನಿಲ್ಲಲಿ, ಅಪ್ಪ ಅಮ್ಮನನ್ನು ಕಾರಲ್ಲಿ ಸೌತ್ ಬೀಚ್‌ನ ಮೊದಲ ಒಂದೆರಡು ಮೈಲಿಗೆ ಕರೆದುಕೊಂಡು ಹೋಗಿ. ಕುರ್ಚಿ ಹಾಕಿ ಕೂರಿಸಿ. ಮಂಡಿ ನೋವಿನವರಿಗೆ ಮರಳಲ್ಲಿ ನಡೆಯುವ ಕಷ್ಟವೂ ತಪ್ಪುತ್ತದೆ.

ಮರಳುದಾರಿ

ಒಪ್ಪಿದೆ. ಬಾಡಿಗೆ ಗಾಡಿ ಅಂದ ಮೇಲೆ ಅದೇ ಸರಿ. ಕಾರಲ್ಲಿ ಹೋದಾಗಲೂ ಮೆತ್ತನೆ ಮರಳಲ್ಲಿ ನಿಲ್ಲಿಸಬೇಡಿ. ಬೀಚ್ ಮೇಲೆ ಬೋರ್ಡ್‌ನಲ್ಲಿ ಬರೆದ ವೇಗ ದಾಟಬಾರದು, ಸೀಟ್ ಬೆಲ್ಟ್ ಹಾಕಲೇಬೇಕು. ಅದು ಲೆಕ್ಕಕ್ಕೆ ರಸ್ತೆಯೇ.

ಸ್ಯಾನ್_ಆಂಟೋನಿಯೋ_ಅಕ್ಕ

ಊಟದ ವಿಷಯ ನನಗೆ ಬಿಡಿ.

ಆರ್‌ವಿ ಒಳಗೆ ಒಗ್ಗರಣೆ ಹಾಕಿದರೆ ಸ್ಮೋಕ್ ಅಲಾರಂ ಕೂಗುತ್ತದೆ. ಖಂಡಿತ ಕೂಗುತ್ತದೆ. ಒಣಮೆಣಸಿನಕಾಯಿ ಘಾಟು ಹಾಸಿಗೆ ಬಟ್ಟೆಗೂ ಹಿಡಿಯುತ್ತದೆ, ಬಾಡಿಗೆ ಗಾಡಿ ವಾಪಸ್ ಕೊಡುವಾಗ ಕ್ಲೀನಿಂಗ್ ದುಡ್ಡು ಕೇಳುತ್ತಾರೆ. ಆದ್ದರಿಂದ ಒಗ್ಗರಣೆ, ಹುರಿಯುವುದು, ಕರಿಯುವುದು ಎಲ್ಲ ಹೊರಗೆ. ಒಂದು ಸಣ್ಣ ಗ್ಯಾಸ್ ಸ್ಟೌವ್, ಮಡಿಸುವ ಟೇಬಲ್ ತೆಗೆದುಕೊಂಡು ಹೋಗಿ. ಆದರೆ ಅಲ್ಲಿ ಗಾಳಿ ಜೋರು. ಸಾಮಾನ್ಯವಾಗಿ ಆಗ್ನೇಯ ದಿಕ್ಕಿನಿಂದ ಬೀಸುತ್ತದೆ. ಜ್ವಾಲೆಗೆ ಸುತ್ತ ತಗಡಿನ ಮರೆ ಬೇಕೇ ಬೇಕು, ಇಲ್ಲದಿದ್ದರೆ ಅನ್ನಕ್ಕೆ ಇಟ್ಟ ನೀರು ಕುದಿಯುವುದೇ ಇಲ್ಲ. ಗಾಡಿಯನ್ನೇ ಮರೆ ಮಾಡಿಕೊಳ್ಳಿ.

ಒಳಗೆ ಪ್ರೆಷರ್ ಕುಕ್ಕರ್ ಇಡಬಹುದು. ಅನ್ನ, ಬೇಳೆ ಒಟ್ಟಿಗೆ ಆಗುತ್ತದೆ, ಗ್ಯಾಸೂ ಉಳಿಯುತ್ತದೆ. ಮೇಲಿನ ವೆಂಟ್ ತೆಗೆದಿಡಿ, ಕಿಟಕಿ ಒಂದು ತೆಗೆದಿಡಿ. ಚಳಿ ಅಂತ ಒಲೆ ಹಚ್ಚಿ ಒಳಗೆ ಬೆಚ್ಚಗೆ ಮಾಡಿಕೊಳ್ಳಲು ಯಾವತ್ತೂ ಹೋಗಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ.

ಊರಿಂದ ತಂದ ಮಿಕ್ಸಿ ಇಲ್ಲಿನ ಕರೆಂಟಿಗೆ ಆಗುವುದಿಲ್ಲ ಅಂತ ನಿಮಗೇ ಗೊತ್ತಿರುತ್ತದೆ. ಚಟ್ನಿ ಮನೆಯಲ್ಲೇ ರುಬ್ಬಿಕೊಂಡು ಹೋಗಿ. ದೋಸೆ ಹಿಟ್ಟು ಹುದುಗು ಬರುವ ಮೊದಲೇ ಫ್ರಿಡ್ಜ್‌ಗೆ ಇಡಿ, ಬೇಕಾದ ಹಿಂದಿನ ರಾತ್ರಿ ಹೊರಗೆ ತೆಗೆಯಿರಿ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಮೆಂತ್ಯದ ಹಿಟ್ಟು, ಗೊಜ್ಜವಲಕ್ಕಿ ಪುಡಿ, ಕೋಡುಬಳೆ ಇಷ್ಟಿದ್ದರೆ ಮೂರು ದಿನ ಯಾರೂ ಹಸಿದುಕೊಳ್ಳುವುದಿಲ್ಲ.

ಪಾತ್ರೆ ತೊಳೆಯುವುದು ಮಾತ್ರ ಜಾಗ್ರತೆ. ಸಾರಿನ ಗಸಿ, ಎಣ್ಣೆ, ಅನ್ನದ ಅಗುಳು ಸಿಂಕ್‌ಗೆ ಹೋದರೆ ಗ್ರೇ ಟ್ಯಾಂಕ್ ಎರಡೇ ದಿನಕ್ಕೆ ನಾರುತ್ತದೆ. ಮೊದಲು ಪೇಪರ್‌ನಲ್ಲಿ ಒರೆಸಿ ಕಸಕ್ಕೆ ಹಾಕಿ, ಆಮೇಲೆ ತೊಳೆಯಿರಿ. ಬಾಳೆ ಎಲೆ ಸಿಕ್ಕರೆ ಅದರಲ್ಲೇ ಊಟ ಮಾಡಿ. ಏಷ್ಯನ್ ಅಂಗಡಿಗಳಲ್ಲಿ ಫ್ರೀಜ್ ಮಾಡಿದ ಎಲೆ ಸಿಗುತ್ತದೆ. ತಟ್ಟೆ ತೊಳೆಯುವ ನೀರೆಲ್ಲ ಉಳಿಯಿತು ಅಲ್ವಾ?

ಹಾಸನ_ಹ್ಯೂಸ್ಟನ್

ಅಕ್ಕ, ಬಾಳೆ ಎಲೆ ವಿಷಯ ಓದಿ ಅಮ್ಮ ಫೋನಲ್ಲೇ ಖುಷಿಪಟ್ಟರು. ಎಲ್ಲರಿಗೂ ಥ್ಯಾಂಕ್ಸ್.

ಇನ್ನು ಸಂಕೋಚದ ಪ್ರಶ್ನೆ ಒಂದಿದೆ. ಟಾಯ್ಲೆಟ್‌ನಲ್ಲಿ ಹಿರಿಯರಿಗೆ ನೀರೇ ಬೇಕು, ಪೇಪರ್ ಆಗುವುದಿಲ್ಲ. ಬ್ಲ್ಯಾಕ್ ಟ್ಯಾಂಕ್ ಬೇಗ ತುಂಬುತ್ತದಾ? ಮತ್ತೆ ಆ ಫ್ರಿಡ್ಜ್ ಕರೆಂಟ್ ಇಲ್ಲದೆ ನಿಜವಾಗಲೂ ತಣ್ಣಗೆ ಇರುತ್ತದಾ?

ಗಾಲಿಮನೆ

ಸಂಕೋಚ ಯಾಕೆ, ನಮ್ಮವರು ಆರ್‌ವಿ ಹತ್ತುವ ಮೊದಲು ಮನಸ್ಸಲ್ಲಿ ಕೇಳಿಕೊಳ್ಳುವ ಮೊದಲ ಪ್ರಶ್ನೆಯೇ ಅದು. ನೀರು ಬಳಸಲಿ. ಬ್ಲ್ಯಾಕ್ ಟ್ಯಾಂಕಿಗೆ ನೀರು ಒಳ್ಳೆಯದು, ಕಡಿಮೆಯಾದರೆ ತಳದಲ್ಲಿ ಗಟ್ಟಿ ಕಟ್ಟುತ್ತದೆ. ಟಾಯ್ಲೆಟ್ ಪಕ್ಕ ಸಣ್ಣ ಮಗ್ ಒಂದು ಇಡಿ. ವೆಟ್ ವೈಪ್ಸ್ ಮಾತ್ರ ಒಳಗೆ ಹಾಕಲೇಬಾರದು, ಮಕ್ಕಳಿಗೂ ಹೇಳಿ. ಹಗಲು ಹೊತ್ತು ನಡೆಯಲು ಆಗುವವರು ಕ್ಯಾಂಪ್‌ಗ್ರೌಂಡ್ ಟಾಯ್ಲೆಟ್‌ಗೆ ಹೋಗಲಿ. ರಾತ್ರಿ ಗಾಡಿಯದು ಹಿರಿಯರಿಗೆ ಇರಲಿ.

ಫ್ರಿಡ್ಜ್ ಬಗ್ಗೆ ಬಾಡಿಗೆ ಕೊಡುವವರನ್ನು ಕೇಳಿ, ಪ್ರೊಪೇನ್‌ನಲ್ಲಿ ಓಡುವುದಾ, ಬರೀ 12 ವೋಲ್ಟ್ ಬ್ಯಾಟರಿಯಲ್ಲಿ ಓಡುವುದಾ ಅಂತ. ಪ್ರೊಪೇನ್‌ದಾದರೆ ನಿಮಗೆ ಒಳ್ಳೆಯದು, ಬ್ಯಾಟರಿ ಉಳಿಯುತ್ತದೆ. ಆದರೆ ಅದು ತಣ್ಣಗಾಗಲು ಎಷ್ಟೋ ಗಂಟೆ ಬೇಕು, ಹೊರಡುವ ಹಿಂದಿನ ರಾತ್ರಿಯೇ ಹಾಕಿಡಿ. ಗಾಡಿ ಸಮತಟ್ಟಾಗಿ ನಿಂತಿರಬೇಕು, ಓರೆಯಾದರೆ ಆ ಫ್ರಿಡ್ಜ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಚಕ್ರದ ಕೆಳಗೆ ಇಡುವ ಲೆವೆಲಿಂಗ್ ಬ್ಲಾಕ್ ಕೇಳಿ ಪಡೆಯಿರಿ.

ಇನ್ನೂ ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಹಿಂಭಾಗದ ತಣ್ಣನೆಯ ಲೋಹದ ಪಟ್ಟಿಗೆ ತಾಗುವ ಹಾಗೆ ಇಡಬೇಡಿ, ಹೆಪ್ಪುಗಟ್ಟಿದರೆ ಔಷಧಿ ಕೆಟ್ಟಂತೆ. ಒಳಗೊಂದು ಸಣ್ಣ ಥರ್ಮಾಮೀಟರ್ ಇಡಿ.

ಕಡಲಕರೆ_ಕಾರ್ಪಸ್

ನಾನು ಕುಂದಾಪುರದವನು, ಈಗ ಇರುವುದು ಇಲ್ಲೇ ಕಾರ್ಪಸ್ ಕ್ರಿಸ್ಟಿಯಲ್ಲಿ. ಸಮುದ್ರದ ಬಗ್ಗೆ ಯಾರೂ ಹೇಳಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಮೊದಲನೆಯದು, ಜಾಗದ ಹೆಸರು. ಸೌತ್ ಪ್ಯಾಡ್ರೆ ಐಲ್ಯಾಂಡ್ ಅನ್ನುವ ಊರು ಬೇರೆ, ಈ ನ್ಯಾಷನಲ್ ಸೀಶೋರ್ ಬೇರೆ. ನಡುವೆ ಮ್ಯಾನ್ಸ್‌ಫೀಲ್ಡ್ ಚಾನೆಲ್ ದ್ವೀಪವನ್ನು ಎರಡು ಮಾಡಿದೆ, ಸೇತುವೆ ಇಲ್ಲ. ಫೋನಿನ ಮ್ಯಾಪ್‌ನಲ್ಲಿ ತಪ್ಪು ಒತ್ತಿದರೆ ಮೂರು ಗಂಟೆಗೂ ಜಾಸ್ತಿ ದೂರ ಹೋಗಿಬಿಡುತ್ತೀರಿ. ಕಾರ್ಪಸ್‌ನಿಂದ ಪಾರ್ಕ್ ರೋಡ್ 22 ಹಿಡಿಯಿರಿ. ಪಾರ್ಕಿನ ಒಳಗೆ ಪೆಟ್ರೋಲ್ ಬಂಕ್ ಇಲ್ಲ.

ನಮ್ಮ ಅರಬ್ಬೀ ಸಮುದ್ರದ ಅಂದಾಜು ಇಲ್ಲಿ ನಡೆಯುವುದಿಲ್ಲ. ಮೆಕ್ಸಿಕೋ ಕೊಲ್ಲಿಯಲ್ಲಿ ಉಬ್ಬರ ಇಳಿತ ಸಾಮಾನ್ಯವಾಗಿ ಎರಡು ಅಡಿಯ ಒಳಗೇ. ಇಲ್ಲಿ ನೀರನ್ನು ಮುಂದೆ ತಳ್ಳುವುದು ಗಾಳಿ. ಜೋರು ಗಾಳಿ ಬಂದ ದಿನ ದಿಬ್ಬದ ಬುಡದವರೆಗೂ ನೀರು ಬರುತ್ತದೆ. ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30, ನಿಮ್ಮ ಹೊತ್ತಿಗೆ ಆ ಭಯ ತುಂಬಾ ಕಡಿಮೆ. ಆದರೆ ಉತ್ತರದಿಂದ ಚಳಿಗಾಳಿ ನುಗ್ಗುವ ಕಾಲ ಅದು. ಮಧ್ಯಾಹ್ನ ಅಂಗಿ ಸಾಕು ಅನ್ನಿಸಿದ್ದು ಸಂಜೆಗೆ ಸ್ವೆಟರ್ ಆಗುತ್ತದೆ. ಗಾಡಿಯ ಬದಿಯ ಆನಿಂಗ್ (ನೆರಳಿಗೆ ಬಿಚ್ಚುವ ಬಟ್ಟೆಯ ಚಪ್ಪರ) ರಾತ್ರಿ ಬಿಚ್ಚಿಟ್ಟು ಮಲಗಬೇಡಿ, ಒಂದೇ ಗಾಳಿಗೆ ಕಿತ್ತುಹೋಗುತ್ತದೆ.

ನೀರಿಗೆ ಇಳಿದರೆ ಮಂಡಿ ಮಟ್ಟ ಸಾಕು. ಒಳಸೆಳೆತ ಇದೆ. ತೀರದಲ್ಲಿ ನೀಲಿ ಬಲೂನಿನ ಹಾಗೆ ಹೊಳೆಯುವುದು ಬಿದ್ದಿದ್ದರೆ ಮಕ್ಕಳು ಮುಟ್ಟಬಾರದು. ಅದು ಮ್ಯಾನ್ ಆಫ್ ವಾರ್ ಅನ್ನುವ ಸಮುದ್ರ ಜೀವಿ, ಸತ್ತಿದ್ದರೂ ಅದರ ದಾರ ಕುಟುಕುತ್ತದೆ. ದಿಬ್ಬದ ಹುಲ್ಲಿನೊಳಗೆ ಹೋಗಬೇಡಿ, ವಿಷದ ರ‍್ಯಾಟಲ್ ಹಾವು ಇರುತ್ತವೆ.

ಇನ್ನೊಂದು ವಿಷಯ. ನಮ್ಮ ಊರಲ್ಲಿ ಸಮುದ್ರ ಅಂದರೆ ಸೂರ್ಯ ಮುಳುಗುವ ಕಡೆ. ಇಲ್ಲಿ ತೀರ ಪೂರ್ವಕ್ಕೆ ಇದೆ, ಸೂರ್ಯ ನೀರಿನಿಂದ ಮೇಲೆ ಬರುತ್ತಾನೆ. ಬೇಗ ಏಳುವ ಹಿರಿಯರಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ? ಸಂಧ್ಯಾವಂದನೆ ಮಾಡುವವರಾದರೆ ಅರ್ಘ್ಯಕ್ಕೆ ಸೂರ್ಯ ಎದುರಿಗೇ. ಸಂಜೆಗೆ ದ್ವೀಪದ ಇನ್ನೊಂದು ಬದಿಗೆ, ಬರ್ಡ್ ಐಲ್ಯಾಂಡ್ ಬೇಸಿನ್‌ಗೆ ಹೋಗಿ. ಅಲ್ಲಿ ಲಗೂನಾ ಮಾಡ್ರೆ ಅನ್ನುವ ಹಿನ್ನೀರು ಇದೆ, ಸಮುದ್ರಕ್ಕಿಂತ ಉಪ್ಪು ಜಾಸ್ತಿ. ಸೂರ್ಯ ಅದರ ಮೇಲೆ ಮುಳುಗುತ್ತಾನೆ.

ಸ್ಯಾನ್_ಆಂಟೋನಿಯೋ_ಅಕ್ಕ

ಕಡಲಕರೆ ಅವರೇ, ಆಮೆ ಮರಿ ಬಿಡುವುದನ್ನು ಹೇಳಲಿಲ್ಲವಲ್ಲ!

ಕಡಲಕರೆ_ಕಾರ್ಪಸ್

ಅದು ನವೆಂಬರ್‌ನಲ್ಲಿ ಸಿಗುವುದಿಲ್ಲ ಅಕ್ಕ, ಅದಕ್ಕೇ ಬಿಟ್ಟೆ. ಆದರೂ ಬೇರೆಯವರಿಗೆ ಉಪಯೋಗ ಆಗಲಿ. ಕೆಂಪ್ಸ್ ರಿಡ್ಲಿ ಅನ್ನುವ ಅಳಿವಿನಂಚಿನ ಆಮೆ ಇಲ್ಲಿ ಮೊಟ್ಟೆ ಇಡುತ್ತದೆ. 1978ರಿಂದ 1988ರವರೆಗೆ ಮೆಕ್ಸಿಕೋದ ರಾಂಚೋ ನುವೆವೋದಿಂದ ಮೊಟ್ಟೆ ತಂದು, ಮರಿಗಳಿಗೆ ಈ ತೀರದ ನೆನಪು ಉಳಿಯಲಿ ಅಂತ ಇಲ್ಲಿನ ಮರಳಲ್ಲಿಟ್ಟರು. ಈಗ ಬೇಸಿಗೆಯಲ್ಲಿ, ಜೂನ್‌ನಿಂದ ಆಗಸ್ಟ್‌ವರೆಗೆ, ಮರಿಗಳನ್ನು ಬೆಳಗಿನ ಜಾವ ಸಮುದ್ರಕ್ಕೆ ಬಿಡುವಾಗ ಜನ ನಿಂತು ನೋಡಬಹುದು. ದುಡ್ಡು ಕೊಡಬೇಕಾಗಿಲ್ಲ. ಈ ಆಮೆ ಹಗಲಲ್ಲೇ ದಡ ಹತ್ತುತ್ತದೆ. ಬೀಚ್ ಮೇಲೆ ನಿಧಾನ ಓಡಿಸಿ ಅಂತ ಒತ್ತಿ ಹೇಳುವುದು ಇದಕ್ಕೂ ಸೇರಿ.

ಬೆಂಗಳೂರು_ಬೈಪಾಸ್

ಓದಿ ಆಸೆಯಾಯಿತು. ನಮ್ಮ ಕರಾವಳಿಯಲ್ಲಿ ಇದು ಸಾಧ್ಯವಾ? ಕ್ಯಾಂಪರ್ ವ್ಯಾನ್ ಬೆಂಗಳೂರಲ್ಲೂ ಬಾಡಿಗೆಗೆ ಸಿಗುತ್ತಿದೆ.

ಕಡಲಕರೆ_ಕಾರ್ಪಸ್

ಸಣ್ಣ ವ್ಯಾನ್ ಆದರೆ ಸಾಧ್ಯ. ಮರವಂತೆಯಲ್ಲಿ ಹೆದ್ದಾರಿ 66ರ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ. ಪಡುಬಿದ್ರಿ, ಹೊನ್ನಾವರದ ಕಾಸರಕೋಡು ಬೀಚ್‌ಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ ಕಡಲತೀರದ ಮಾನ್ಯತೆ) ಬಂತು, ಟಾಯ್ಲೆಟ್, ಸ್ನಾನದ ವ್ಯವಸ್ಥೆ ಇದೆ. ಆದರೆ ಕೊಳೆ ಟ್ಯಾಂಕ್ ಖಾಲಿ ಮಾಡಲು ಜಾಗ ಎಲ್ಲಿ? ಅದೊಂದು ಇಲ್ಲದೆ ದೊಡ್ಡ ಗಾಡಿ ತಂದರೆ ಕೊನೆಗೆ ಹೊಳೆಗೋ ಚರಂಡಿಗೋ ಬಿಡುತ್ತಾರೆ. ನನಗೆ ಅದನ್ನು ನೆನೆದರೇ ಸಂಕಟ. ಹೊನ್ನಾವರದ ಆ ತೀರದಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡುತ್ತವೆ. ಗೊತ್ತಿರುವವರ ಮನೆ ಅಥವಾ ಹೋಂಸ್ಟೇ ಅಂಗಳ ಕೇಳಿಕೊಂಡು ವ್ಯಾನ್ ನಿಲ್ಲಿಸಿ, ಅವರ ಟಾಯ್ಲೆಟ್ ಬಳಸಿ. ಸದ್ಯಕ್ಕೆ ಅದೇ ಮರ್ಯಾದೆಯ ದಾರಿ.

ಹಾಸನ_ಹ್ಯೂಸ್ಟನ್

ಎಲ್ಲ ಓದಿ, ಮನೆಯವರ ಜೊತೆ ಕೂತು ಹೀಗೆ ಯೋಚಿಸಿದ್ದೇವೆ. ಮೊದಲ ರಾತ್ರಿ ಮಸ್ಟಾಂಗ್ ಐಲ್ಯಾಂಡ್ ಸ್ಟೇಟ್ ಪಾರ್ಕ್, ಕರೆಂಟ್, ನೀರು ಎರಡೂ ಇರುವ ಸೈಟ್. ಅಪ್ಪ, ಅಮ್ಮ ಗಾಡಿಗೆ ಹೊಂದಿಕೊಳ್ಳಲಿ. ಮುಂದಿನ ಎರಡು ರಾತ್ರಿ ಮಲಾಕಿಟ್. ತಮ್ಮನ ಮನೆಯವರು ಕಾರಲ್ಲಿ ಬರುತ್ತಾರೆ, ಸೌತ್ ಬೀಚ್‌ಗೆ ಆ ಕಾರು. ಸರಿ ಇದೆಯಾ?

ಗಾಲಿಮನೆ

ತುಂಬಾ ಸರಿ. ಈ ಕ್ರಮದಲ್ಲಿ ಮಾಡಿ. ಮಸ್ಟಾಂಗ್‌ನಿಂದ ಹೊರಡುವ ಬೆಳಿಗ್ಗೆ ಎಲ್ಲರ ಸ್ನಾನ ಅಲ್ಲೇ ಮುಗಿಸಿ. ಆಮೇಲೆ ಡಂಪ್. ಮೊದಲು ಬ್ಲ್ಯಾಕ್, ನಂತರ ಗ್ರೇ, ಆಗ ಸೋಪಿನ ನೀರು ಪೈಪನ್ನೂ ತೊಳೆಯುತ್ತದೆ.  ಕೊನೆಗೆ ಒಳ್ಳೆಯ ನೀರು ತುಂಬಿಸಿ.

ಪೆಟ್ರೋಲ್ ದ್ವೀಪಕ್ಕೆ ಬರುವ ದಾರಿಯಲ್ಲೇ ಫುಲ್ ಮಾಡಿ. ಗಾಡಿಯ ಜನರೇಟರ್ ಅದೇ ಟ್ಯಾಂಕಿನಿಂದ ಕುಡಿಯುತ್ತದೆ. ಕಾಲು ಟ್ಯಾಂಕ್‌ಗೆ ಇಳಿದರೆ ತಾನೇ ನಿಂತುಬಿಡುತ್ತದೆ. ಮಸ್ಟಾಂಗ್‌ನಲ್ಲಿ 30 ಆಂಪ್ ಕನೆಕ್ಷನ್ ಆದರೆ ಇಂಡಕ್ಷನ್ ಒಲೆ, ಮೈಕ್ರೋವೇವ್, ಏಸಿ ಒಟ್ಟಿಗೆ ಹಾಕಬೇಡಿ, ಬ್ರೇಕರ್ ಬೀಳುತ್ತದೆ. ವಾಪಸ್ ಬರುವಾಗ ಗಾಡಿಯ ಅಡಿಭಾಗಕ್ಕೆ ಸಿಹಿನೀರು ಹೊಡೆಸಿ, ಉಪ್ಪುಗಾಳಿಗೆ ತುಕ್ಕು ಬೇಗ ಹಿಡಿಯುತ್ತದೆ.

ಸ್ಟೇಟ್ ಪಾರ್ಕ್ ಸೈಟ್ 5 ತಿಂಗಳು ಮೊದಲೇ ಬುಕ್ ಮಾಡಬಹುದು. ಥ್ಯಾಂಕ್ಸ್‌ಗಿವಿಂಗ್ ವಾರ ಬೇಗ ಮುಗಿಯುತ್ತದೆ, ಇವತ್ತೇ ನೋಡಿ. ಮಲಾಕಿಟ್‌ನಲ್ಲಿ ಜಾಗ ಸಿಗದಿದ್ದರೆ ಅದೇ ಪಾರ್ಕಿನ ಬರ್ಡ್ ಐಲ್ಯಾಂಡ್ ಬೇಸಿನ್ ಇದೆ. ಅಲೆಯ ಸದ್ದು ಇರುವುದಿಲ್ಲ, ಆದರೆ ಗಾಡಿ ನಿಲ್ಲಿಸಲು ಒಳ್ಳೆಯ ಜಾಗ.

ಹಾಸನ_ಹ್ಯೂಸ್ಟನ್

ಈಗಷ್ಟೇ ನೋಡಿದೆ. ಬುಧವಾರ ರಾತ್ರಿಗೆ ಮಸ್ಟಾಂಗ್‌ನಲ್ಲಿ ಒಂದು ಸೈಟ್ ಸಿಕ್ಕಿತು, ಬುಕ್ ಮಾಡಿದೆ. ಬಾಡಿಗೆಯವರಿಗೆ ಫೋನ್ ಮಾಡಿ ಫ್ರಿಡ್ಜ್ ಪ್ರೊಪೇನ್‌ದೇ ಅಂತ ಖಚಿತ ಮಾಡಿಕೊಂಡೆ. ಗುರುವಾರ ಬೆಳಿಗ್ಗೆ ಬೇಗ ಮಲಾಕಿಟ್ ಸೇರುತ್ತೇವೆ. ಕಡಲಕರೆ ಅವರೇ, ಆ ವಾರ ಊರಲ್ಲೇ ಇದ್ದರೆ ಮನೆಯವರನ್ನೂ ಕರೆದುಕೊಂಡು ಶುಕ್ರವಾರ ಮಧ್ಯಾಹ್ನ ಊಟಕ್ಕೆ ಬನ್ನಿ. ಅಮ್ಮ ಬಾಳೆ ಎಲೆ ಎರಡು ಜಾಸ್ತಿ ತರಲು ಹೇಳಿದ್ದಾರೆ.